ಕೋಡ್ ಸರಿ ಇದೆ, ಪಂಪ್ ಮಾತ್ರ ತಿರುಗುತ್ತಿಲ್ಲ: ಆರ್ಡುಯಿನೋ ವೈರಿಂಗ್‌ಗೆ ಸಮಗ್ರ ಮಾರ್ಗದರ್ಶಿ

"ಸರ, ಕೋಡ್ ಬರೋಬ್ಬರಿ ಐತ್ರಿ, ಪಂಪ್ ಮಾತ್ರ ಚಾಲೂ ಆಗವಲ್ದು."

ಭಾನುವಾರ ನಮ್ಮ ಮನೆಯ ಮಾಳಿಗೆ ಮೇಲೆ ನಾಲ್ಕೈದು ಜನ ಆರ್ಡುಯಿನೋ ಬೋರ್ಡ್ (ಹಾಕಿದ ಕೋಡಿನಂತೆ ಸೆನ್ಸರ್ ಓದಿ ಪಂಪ್ ನಡೆಸುವ ಚಿಕ್ಕ ಸರ್ಕ್ಯೂಟ್ ಹಲಗೆ) ಹಿಡಿದುಕೊಂಡು ಬರುತ್ತಾರೆ. ಒಬ್ಬ ಧಾರವಾಡದ ಪಿಯು ಹುಡುಗ, ಒಬ್ಬರು ಗದಗದ ಮೇಷ್ಟ್ರು, ಇನ್ನೊಬ್ಬಳು ಹಾವೇರಿ ಕಡೆಯವಳು. ಎಲ್ಲರ ಪ್ರಾಜೆಕ್ಟೂ ಹೆಚ್ಚುಕಡಿಮೆ ಒಂದೇ. ಮಣ್ಣು ಒಣಗಿದರೆ ಕುಂಡಕ್ಕೆ ತಾನಾಗಿ ನೀರು ಬೀಳಬೇಕು. ಎಲ್ಲರೂ ಲ್ಯಾಪ್‌ಟಾಪ್ ತೆರೆದು ಕೋಡ್ ತೋರಿಸುತ್ತಾರೆ. ನಾನು ಕೋಡ್ ನೋಡುವುದೇ ಇಲ್ಲ. ಮೊದಲು ಮೀಟರ್ ಹಚ್ಚುತ್ತೇನೆ. ಬಹುತೇಕ ಸಲ ತಪ್ಪು ಅಲ್ಲೇ ಸಿಗುತ್ತದೆ, ವೈರಿನಲ್ಲಿ.

ಹಾಗಾಗಿ ಇಲ್ಲಿ ಕೋಡ್ ಕೊನೆಗೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತದ ಪರೀಕ್ಷೆ ಪಾಸಾಗದೆ ಮುಂದಿನದಕ್ಕೆ ಕೈ ಹಾಕಬೇಡಿ. ಎಲ್ಲ ಒಟ್ಟಿಗೆ ಜೋಡಿಸಿ ಆಮೇಲೆ ತಪ್ಪು ಹುಡುಕಲು ಕೂತರೆ ಇಡೀ ಭಾನುವಾರ ಹೋಗುತ್ತದೆ.

## ಹಂತ 1: ಸಾಮಾನು ಹೊಂದಿಸಿಕೊಳ್ಳುವುದು

ಮೊದಲು ಬೇಕಾದದ್ದು ಮಲ್ಟಿಮೀಟರ್. ಬೋರ್ಡಿಗಿಂತ ಮುಂಚೆ ಇದನ್ನೇ ತಗೊಳ್ಳಿ. ಅಗ್ಗದ್ದಾದರೂ ಪರವಾಗಿಲ್ಲ, ಆದರೆ ಎರಡು ತುದಿ ಮುಟ್ಟಿಸಿದರೆ ಬೀಪ್ ಅನ್ನುವ ಮಾದರಿಯೇ ಬೇಕು ಎಂದು ಅಂಗಡಿಯಲ್ಲಿ ಕೇಳಿ. ತೀರಾ ಅಗ್ಗದ ಕೆಲವು ಮೀಟರಿನಲ್ಲಿ ಬೀಪ್ ಇರುವುದಿಲ್ಲ.

ಉಳಿದದ್ದು ಇಷ್ಟು:

- ಆರ್ಡುಯಿನೋ ಊನೋ ಬೋರ್ಡ್, ಡೇಟಾ ಹೋಗುವ ಯುಎಸ್‌ಬಿ ಕೇಬಲ್ (ಬರೀ ಚಾರ್ಜ್ ಆಗುವ ಕೇಬಲ್‌ಗಳೂ ಇವೆ, ಅವುಗಳಲ್ಲಿ ಬೋರ್ಡಿನ ಲೈಟ್ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣಿಸುವುದಿಲ್ಲ)
- ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಜಂಪರ್ ವೈರ್, ಕೆಂಪು ಎಲ್‌ಇಡಿ 1
- 3ರಿಂದ 6 ವೋಲ್ಟಿನ ಚಿಕ್ಕ ಮುಳುಗು ಪಂಪ್, ಅದಕ್ಕೆ ಹೊಂದುವ ಪೈಪ್
- ಕೆಪ್ಯಾಸಿಟಿವ್ ಮಾದರಿಯ ಮಣ್ಣಿನ ತೇವದ ಸೆನ್ಸರ್ (ಎರಡು ಕವಲಿನ, ಲೋಹ ತೆರೆದಿರುವ ಅಗ್ಗದ್ದು ಬೇಡ)
- ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್ 1 (ಪಿನ್ನಿನ ಸಣ್ಣ ಸಿಗ್ನಲ್‌ನಿಂದ ಪಂಪಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), 1ಎನ್4007 ಡಯೋಡ್ 1 (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು)
- 220 ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್ ಐದೈದು
- 470 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪ್ಯಾಸಿಟರ್ 1 (ಸ್ವಲ್ಪ ಕರೆಂಟ್ ಕೂಡಿಟ್ಟುಕೊಂಡು, ವೋಲ್ಟೇಜ್ ತಟ್ಟನೆ ಕುಸಿಯದಂತೆ ತಡೆಯುವುದು)
- ಎರಡು ಯುಎಸ್‌ಬಿ ಕಿಂಡಿ ಇರುವ 5 ವೋಲ್ಟಿನ ಮೊಬೈಲ್ ಚಾರ್ಜರ್, ಕತ್ತರಿಸಲು ಒಂದು ಹಳೆಯ ಕೇಬಲ್

ಮಾಸ್ಫೆಟ್ ತಗೊಳ್ಳುವಾಗ ಅದರ ಮೈಮೇಲಿನ ಅಕ್ಷರ ಓದಿ. ಐಆರ್‌ಎಲ್ ಕೇಳಿದರೆ ಐಆರ್‌ಎಫ್ ಕೈಗೆ ಬರುವುದು ತೀರಾ ಸಾಮಾನ್ಯ. ನೋಡಲು ಎರಡೂ ಒಂದೇ, ವ್ಯತ್ಯಾಸ ಒಂದೇ ಅಕ್ಷರ. 'ಎಲ್' ಇರುವುದು ಬೋರ್ಡಿನ 5 ವೋಲ್ಟಿಗೆ ಪೂರ್ತಿ ತೆರೆಯುತ್ತದೆ. 'ಎಫ್' ಇರುವುದು ಪೂರ್ತಿ ತೆರೆಯಲು 10 ವೋಲ್ಟ್ ಹತ್ತಿರ ಕೇಳುತ್ತದೆ. 5 ವೋಲ್ಟಿಗೆ ಒಂದು ಪೀಸ್ ಓಡುತ್ತದೆ, ಇನ್ನೊಂದು ಅರೆಬರೆ ತೆರೆದು ಕೂರುತ್ತದೆ.

ತರಬಾರದ ಸಾಮಾನು ಒಂದಿದೆ: ಆಯತಾಕಾರದ 9 ವೋಲ್ಟ್ ಬ್ಯಾಟರಿ. ಯಾಕೆ ಎಂದು ಹಂತ 3ರಲ್ಲಿ ಹೇಳುತ್ತೇನೆ.

## ಹಂತ 2: ಮೀಟರಿನಲ್ಲಿ ಮೂರು ಕೆಲಸ ಕಲಿಯುವುದು

ಮೀಟರಿನ ಮೇಲೆ ಇಪ್ಪತ್ತು ಗುರುತು ಇದ್ದರೂ ನಿಮಗೆ ಈಗ ಬೇಕಾದದ್ದು ಮೂರೇ.

ವೋಲ್ಟೇಜ್. ಗುಂಡಿಯನ್ನು ಡಿಸಿ ವೋಲ್ಟ್ 20ಕ್ಕೆ ತಿರುಗಿಸಿ. ಕಪ್ಪು ತುದಿ ಮೈನಸ್‌ಗೆ, ಕೆಂಪು ತುದಿ ಪ್ಲಸ್‌ಗೆ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ನೀವು ಪ್ಲಸ್ ಅಂದುಕೊಂಡದ್ದು ಮೈನಸ್. ಈ ಒಂದು ಗುರುತು ಎಷ್ಟು ಬೋರ್ಡ್ ಉಳಿಸಿದೆಯೋ ಲೆಕ್ಕವಿಲ್ಲ.

ಬೀಪ್. ಎರಡು ಜಾಗದ ನಡುವೆ ದಾರಿ ಇದೆಯೋ ಇಲ್ಲವೋ ನೋಡಲು. ಪವರ್ ತೆಗೆದ ಮೇಲೇ ಮಾಡಬೇಕು. ಪ್ರತಿ ಸಲ ಪವರ್ ಕೊಡುವ ಮುಂಚೆ ಪ್ಲಸ್ ಮತ್ತು ಮೈನಸ್ ಸಾಲಿನ ನಡುವೆ ಒಮ್ಮೆ ಮುಟ್ಟಿಸಿ. ಕೆಪ್ಯಾಸಿಟರ್ ಇದ್ದರೆ ಒಂದು ಕ್ಷಣ ಕುಯ್ ಅಂದು ನಿಲ್ಲಬಹುದು. ನಿಲ್ಲದೆ ಬೀಪ್ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಪವರ್ ಕೊಡಬೇಡಿ.

ಕರೆಂಟ್. ಇಲ್ಲಿ ಎಲ್ಲರೂ ಎಡವುತ್ತಾರೆ. ವೋಲ್ಟೇಜ್ ಅಳೆಯುವಾಗ ಮೀಟರ್ ಪಕ್ಕದಲ್ಲಿ ನಿಂತು ನೋಡುತ್ತದೆ. ಕರೆಂಟ್ ಅಳೆಯುವಾಗ ಅದು ದಾರಿಯ ಮಧ್ಯವೇ ನಿಲ್ಲಬೇಕು. ಅಂದರೆ ಒಂದು ವೈರ್ ಬಿಚ್ಚಿ, ಆ ಜಾಗದಲ್ಲಿ ಮೀಟರ್ ಕೂರಿಸಬೇಕು. ಕೆಂಪು ವೈರನ್ನು 10 ಆಂಪ್ ಎಂದು ಬರೆದಿರುವ ತೂತಿಗೆ ಹಾಕಿ, ಗುಂಡಿಯನ್ನೂ 10 ಆಂಪ್‌ಗೆ ತಿರುಗಿಸಿ. ಅಳತೆ ಮುಗಿದ ತಕ್ಷಣ ಕೆಂಪು ವೈರನ್ನು ವಾಪಸ್ ಅದರ ಜಾಗಕ್ಕೆ ತನ್ನಿ. ಮರೆತು ಅದರಲ್ಲೇ ಅಡಾಪ್ಟರಿನ ವೋಲ್ಟೇಜ್ ಅಳೆಯಲು ಹೋದರೆ ಮೀಟರೇ ಶಾರ್ಟ್ ವೈರ್ ಆಗುತ್ತದೆ. ಕಿಡಿ ಹಾರುತ್ತದೆ, ಅಡಾಪ್ಟರ್ ಇಲ್ಲವೇ ಮೀಟರ್ ಹೋಗುತ್ತದೆ. ಬ್ಯಾಟರಿ ಮೇಲೆ ಹೀಗಾದರೆ ಇನ್ನೂ ಕೆಟ್ಟದ್ದು.

## ಹಂತ 3: ಪವರ್ ಎಲ್ಲಿಂದ ಕೊಡಬೇಕು?

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು: "ಪಂಪ್ ತಗೊಳ್ಳೋದು ಕಾಲು ಆಂಪ್. 5 ವೋಲ್ಟ್ 2 ಆಂಪ್ ಚಾರ್ಜರ್ ಹಾಕಿದರೆ ಸುಟ್ಟು ಹೋಗಲ್ವಾ?"

ಹೋಗಲ್ಲ. ಖಾನಾವಳಿ ನೆನಪು ಮಾಡಿಕೊಳ್ಳಿ. ಒಳಗೆ ನೂರು ರೊಟ್ಟಿ ಬಡಿದಿಟ್ಟಿದ್ದರೂ ನೀವು ತಿನ್ನುವುದು ಮೂರೇ. ಉಳಿದದ್ದನ್ನು ಯಾರೂ ಬಾಯಿಗೆ ತುರುಕುವುದಿಲ್ಲ. ಚಾರ್ಜರ್ ಮೇಲಿನ ಆಂಪ್ ಅಂದರೆ ಆ ನೂರು ರೊಟ್ಟಿ, ಇಷ್ಟರವರೆಗೆ ಬಡಿಸಬಲ್ಲೆ ಎಂಬ ಲೆಕ್ಕ. ಎಷ್ಟು ಬೇಕೋ ಅಷ್ಟನ್ನು ಪಂಪ್ ತಾನೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಬೇರೆ, ಅದು ಚಟ್ನಿಯ ಖಾರ. ಬ್ಯಾಡಗಿ ಮೆಣಸಿನಕಾಯಿಯ ಖಾರಕ್ಕೆ ಒಗ್ಗಿದವರಿಗೆ ಗುಂಟೂರಿನದ್ದು ಹಾಕಿದರೆ ಒಂದೇ ತುತ್ತಿಗೆ ಕಣ್ಣಲ್ಲಿ ನೀರು. ಆದ್ದರಿಂದ ವೋಲ್ಟೇಜ್ ಹೇಳಿದಷ್ಟೇ ಇರಬೇಕು, ಆಂಪ್ ಬೇಕಾದ್ದಕ್ಕಿಂತ ಜಾಸ್ತಿ ಇರಬೇಕು.

9 ವೋಲ್ಟ್ ಬ್ಯಾಟರಿಯ ತೊಂದರೆ ಈಗ ಗೊತ್ತಾಗಿರಬೇಕು. ಅದು ಒಂದೇ ಹೆಂಚಿನ ಖಾನಾವಳಿ. ಹೊಗೆ ಅಲಾರಂನಂಥ ಸಣ್ಣ ಹಸಿವಿಗೆ ಸರಿ. ಪಂಪ್ ಬಂದು ಕೂತ ತಕ್ಷಣ ಅದರ ವೋಲ್ಟೇಜ್ ಕುಸಿಯುತ್ತದೆ, ಜೊತೆಗೆ ಬೋರ್ಡೂ ಮಲಗುತ್ತದೆ. ಮೀಟರಿನಲ್ಲಿ ಸುಮ್ನೆ ನೋಡಿದರೆ 9 ವೋಲ್ಟ್ ಸರಿಯಾಗೇ ತೋರಿಸುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು.

ಊನೋ ಬೋರ್ಡಿಗೆ ಪವರ್ ಹೋಗುವ ದಾರಿ ಮೂರು. ಯುಎಸ್‌ಬಿ ಕಿಂಡಿಗೆ 5 ವೋಲ್ಟ್. ಕಪ್ಪು ದುಂಡು ಜ್ಯಾಕಿಗೆ ಇಲ್ಲವೇ 'ವಿನ್' ಪಿನ್ನಿಗೆ 7ರಿಂದ 12 ವೋಲ್ಟ್. ಬೋರ್ಡಿನ ಮೇಲಿರುವ ರೆಗ್ಯುಲೇಟರ್ ಅದನ್ನು 5ಕ್ಕೆ ಇಳಿಸುತ್ತದೆ. ಮೂರನೆಯದು '5 ವೋಲ್ಟ್' ಎಂದು ಬರೆದಿರುವ ಪಿನ್. ಇದರ ಮುಂದೆ ಯಾವ ಕಾವಲೂ ಇಲ್ಲ, ನೇರ ಚಿಪ್ಪಿಗೇ ಹೋಗುತ್ತದೆ.

ನನ್ನ ಮೊದಲ ಬೋರ್ಡ್ ಸತ್ತಿದ್ದು ಇಲ್ಲೇ. 12 ವೋಲ್ಟ್ ವೈರನ್ನು ವಿನ್‌ಗೆ ಹಾಕುವ ಬದಲು ಮೂರು ತೂತು ಆಚೆಗಿನ 5 ವೋಲ್ಟ್ ಪಿನ್ನಿಗೆ ಚುಚ್ಚಿದೆ. ಶಬ್ದವೂ ಇಲ್ಲ, ಹೊಗೆಯೂ ಇಲ್ಲ. ಹಸಿರು ಲೈಟ್ ಒಮ್ಮೆ ಜೋರಾಗಿ ಹೊಳೆದು ಆರಿತು. ಚಿಪ್ಪಿನ ಮೇಲೆ ಬೆರಳಿಟ್ಟರೆ ಕಾವಲಿಯಷ್ಟು ಬಿಸಿ. ಅಂದಿನಿಂದ ಈ ಪಿನ್ನಿಗೆ ಏನನ್ನಾದರೂ ಚುಚ್ಚುವ ಮುಂಚೆ ವೈರಿನ ಇನ್ನೊಂದು ತುದಿ ಎಲ್ಲಿದೆ ಎಂದು ಕಣ್ಣಾರೆ ನೋಡುತ್ತೇನೆ.

ಹಳೆಯ ರೇಡಿಯೋ ಅಡಾಪ್ಟರ್ ಬಳಸುತ್ತೀರಾದರೆ ಇನ್ನೊಂದು ಎಚ್ಚರ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್ ಮೇಲೆ 12 ಎಂದಿದ್ದರೂ, ಏನೂ ಜೋಡಿಸದೆ ಅಳೆದರೆ 16-17 ತೋರಿಸಬಹುದು. ಅಳೆಯದೆ ಹಾಕಬೇಡಿ.

ನಮ್ಮ ಕೆಲಸಕ್ಕೆ ಸುಲಭದ ದಾರಿ ಎರಡು ಕಿಂಡಿಯ ಚಾರ್ಜರ್. ಒಂದರಿಂದ ಬೋರ್ಡಿಗೆ ಮಾಮೂಲಿ ಕೇಬಲ್. ಇನ್ನೊಂದರಿಂದ ಪಂಪಿಗೆ ಕತ್ತರಿಸಿದ ಕೇಬಲ್. ಕತ್ತರಿಸಿದಾಗ ಸಾಮಾನ್ಯವಾಗಿ ಕೆಂಪು, ಕಪ್ಪು, ಹಸಿರು, ಬಿಳಿ ವೈರ್ ಕಾಣುತ್ತವೆ. ಕೆಂಪು ಪ್ಲಸ್, ಕಪ್ಪು ಮೈನಸ್. ಅಗ್ಗದ ಕೇಬಲಿನಲ್ಲಿ ಬಣ್ಣವನ್ನು ನಂಬಬೇಡಿ, ಮೀಟರ್ ಹಚ್ಚಿ. ಹಸಿರು ಬಿಳಿ ತುದಿಗಳನ್ನು ಬೇರೆಬೇರೆಯಾಗಿ ಟೇಪ್ ಸುತ್ತಿ ಬಿಡಿ. ಚಾರ್ಜರಿನ ಕಿಂಡಿ ಅಗಲವಾದ ಹಳೆಯ ಮಾದರಿಯದೇ ಇರಲಿ. ಎರಡೂ ತುದಿ ಟೈಪ್ ಸಿ ಇರುವ ಕೇಬಲನ್ನು ಹೀಗೆ ಕತ್ತರಿಸಿದರೆ ಚಾರ್ಜರ್ ಪವರ್ ಕೊಡುವುದೇ ಇಲ್ಲ. ಆಚೆ ತುದಿಯಲ್ಲಿ ಫೋನ್ ಇದೆ ಎಂಬ ಗುರುತು ಸಿಗುವವರೆಗೆ ಅದು ಸುಮ್ಮನಿರುತ್ತದೆ.

ಪರೀಕ್ಷೆ: ಕತ್ತರಿಸಿದ ಕೇಬಲಿನಲ್ಲಿ 4.8ರಿಂದ 5.2ರ ಒಳಗೆ ಅಂಕಿ ಬರಬೇಕು.

## ಹಂತ 4: ಬ್ರೆಡ್‌ಬೋರ್ಡ್ ಸರಿ ಇದೆಯಾ ನೋಡುವುದು

ನಡುವಿನ ತೂತುಗಳು ಐದೈದರ ಗುಂಪು. ಒಂದು ಗುಂಪಿನ ಐದೂ ಒಳಗೆ ಒಂದೇ. ನಡುವಿನ ಕಾಲುವೆ ದಾಟಿದರೆ ಸಂಬಂಧವಿಲ್ಲ. ಅಂಚಿನ ಕೆಂಪು-ನೀಲಿ ಸಾಲು ಉದ್ದಕ್ಕೂ ಒಂದೇ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಕೆಲವು ದೊಡ್ಡ ಬ್ರೆಡ್‌ಬೋರ್ಡುಗಳಲ್ಲಿ ಈ ಸಾಲು ಅರ್ಧಕ್ಕೇ ತುಂಡಾಗಿರುತ್ತದೆ. ಬಣ್ಣದ ಗೆರೆ ನಡುವೆ ಕಡಿದಿದ್ದರೆ ಒಳಗಿನ ಪಟ್ಟಿಯೂ ಕಡಿದಿರುತ್ತದೆ. ಆ ತುದಿಯಿಂದ ಈ ತುದಿಗೆ ಬೀಪ್ ಹಾಕಿ ನೋಡಿ. ಬರದಿದ್ದರೆ ಒಂದು ಚಿಕ್ಕ ವೈರಿನಿಂದ ಎರಡೂ ಭಾಗ ಕೂಡಿಸಿ.

## ಹಂತ 5: ಒಂದು ಎಲ್‌ಇಡಿ, ಒಂದು ಲೆಕ್ಕ

ಈ ಹಂತ ಹಾರಿಸಬೇಡಿ. ಪಂಪಿನಲ್ಲಿ ಆಗುವ ತಪ್ಪಿನ ಬೇರು ಇಲ್ಲಿದೆ.

ಊನೋದ ಒಂದು ಪಿನ್ನಿನಿಂದ 20 ಮಿಲಿಆಂಪ್‌ವರೆಗೆ ಎಳೆಯಬಹುದು. 40 ಎನ್ನುವುದು ಚಿಪ್ ತಡೆಯುವ ಕಟ್ಟಕಡೆಯ ಗೆರೆ, ಅಲ್ಲಿಗೆ ಹೋಗುವ ಹಾಗೇ ಇಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಾನು ಹಿಡಿದುಕೊಳ್ಳುತ್ತದೆ. ಪಿನ್ ಕೊಡುವುದು 5. ಉಳಿದ 3 ವೋಲ್ಟನ್ನು ರೆಸಿಸ್ಟರ್ ನುಂಗಬೇಕು. 3ನ್ನು 220 ಓಮ್‌ನಿಂದ ಭಾಗಿಸಿದರೆ 0.0136, ಅಂದರೆ ಸುಮಾರು 14 ಮಿಲಿಆಂಪ್. ಸರಿಯಾಯಿತು. ಈ ಒಂದು ಭಾಗಾಕಾರವೇ ಓಮ್‌ನ ನಿಯಮ. ಹವ್ಯಾಸದ ಕೆಲಸದಲ್ಲಿ ಹೆಚ್ಚಿನ ಲೆಕ್ಕ ಇಷ್ಟರಲ್ಲೇ ಮುಗಿಯುತ್ತದೆ.

"ರೆಸಿಸ್ಟರ್ ಇಲ್ಲದೇನೂ ಹತ್ತಿತಲ್ಲ ಸರ" ಅನ್ನುತ್ತಾರೆ. ಹತ್ತುತ್ತದೆ. ಎಲ್‌ಇಡಿಯೂ ಪಿನ್ನೂ ಎರಡೂ ಮಿತಿ ಮೀರಿ ದುಡಿಯುತ್ತಿರುತ್ತವೆ. ಕೆಲವು ದಿನದ ಮೇಲೆ ಆ ಪಿನ್ ಮಾತ್ರ ಸತ್ತು, ಬೋರ್ಡಿನ ಉಳಿದ ಭಾಗ ಸರಿ ಇದ್ದಾಗ ತಲೆ ಕೆಡುತ್ತದೆ.

ಉದ್ದ ಕಾಲು ಪ್ಲಸ್ ಕಡೆಗೆ. 220 ಓಮ್ ರೆಸಿಸ್ಟರಿನ ಬಣ್ಣ ಕೆಂಪು, ಕೆಂಪು, ಕಂದು. 10 ಕಿಲೋ ಓಮ್‌ನದು ಕಂದು, ಕಪ್ಪು, ಕಿತ್ತಳೆ. ಟ್ಯೂಬ್‌ಲೈಟಿನಲ್ಲಿ ಕೆಂಪು ಮತ್ತು ಕಿತ್ತಳೆ ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಮೀಟರ್. ಪಿನ್ 9ರಿಂದ 220 ಓಮ್ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಬೋರ್ಡಿನ ಮೈನಸ್ (ಗ್ರೌಂಡ್) ಪಿನ್ನಿಗೆ ಜೋಡಿಸಿ, ಆರ್ಡುಯಿನೋ ಸಾಫ್ಟ್‌ವೇರಿನ ಜೊತೆ ಬರುವ 'ಬ್ಲಿಂಕ್' ಉದಾಹರಣೆಯಲ್ಲಿ ಪಿನ್ ಸಂಖ್ಯೆ ಬದಲಿಸಿ ಮಿಣುಕಿಸಿ. ಮಿಣುಕಿತೇ? ಹಾಗಾದರೆ ಪಿನ್ 9 ಬದುಕಿದೆ.

## ಹಂತ 6: ಎರಡು ಪವರ್, ಒಂದೇ ನೆಲ

ಬೋರ್ಡಿಗೊಂದು ಪವರ್, ಪಂಪಿಗೊಂದು ಪವರ್ ಕೊಟ್ಟಾಗ ಅವೆರಡರ ಮೈನಸ್ ಸೇರಿಸಬೇಕು. ಇದನ್ನೇ ಕಾಮನ್ ಗ್ರೌಂಡ್ ಅನ್ನುತ್ತಾರೆ.

ವೋಲ್ಟೇಜ್ ಎನ್ನುವುದು ಎತ್ತರ ಇದ್ದ ಹಾಗೆ, ಎಲ್ಲಿಂದ ಅಳೆದದ್ದು ಎಂದು ಹೇಳದೆ ಅದಕ್ಕೆ ಅರ್ಥವಿಲ್ಲ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಎತ್ತರವನ್ನು ನೀವು ಅಲ್ಲಿನ ಉಣಕಲ್ ಕೆರೆಯ ದಂಡೆಯಿಂದ ಹೇಳಿ, ನಾನು ಸಮುದ್ರದಿಂದ ಹೇಳಿದರೆ ಇಬ್ಬರ ಅಂಕಿಯೂ ಸರಿ, ಆದರೆ ಮಾತು ಮಾತ್ರ ಕೂಡುವುದಿಲ್ಲ. ಬೋರ್ಡ್ "5 ವೋಲ್ಟ್ ಕೊಟ್ಟೆ" ಎನ್ನುವುದು ತನ್ನ ಮೈನಸ್‌ನಿಂದ ಅಳೆದು. ಮಾಸ್ಫೆಟ್ ಅದನ್ನು ಅಳೆಯುವುದು ಪಂಪಿನ ಮೈನಸ್‌ನಿಂದ. ಎರಡೂ ಮೈನಸ್ ನಡುವೆ ಒಂದು ವೈರ್ ಬಿದ್ದರೆ ಇಬ್ಬರೂ ಒಂದೇ ದಂಡೆಯಲ್ಲಿ ನಿಂತಂತೆ.

ಪ್ಲಸ್‌ಗಳನ್ನು ಸೇರಿಸಬೇಡಿ. ಬರೀ ಮೈನಸ್.

ಇದು ತಪ್ಪಿದ್ದರೆ ಕಾಣುವ ಲಕ್ಷಣ ವಿಚಿತ್ರ. ಪಂಪ್ ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ವೈರ್ ಮುಟ್ಟಿದರೆ ಓಡುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದರೆ ನಡತೆ ಬದಲಾಗುತ್ತದೆ. ಇಂಥದ್ದೇನಾದರೂ ಕಂಡರೆ ಮೊದಲು ಈ ವೈರ್ ನೋಡಿ.

## ಹಂತ 7: ಸೆನ್ಸರ್, ಅದೂ ನಮ್ಮ ಎರೆ ಮಣ್ಣಿನಲ್ಲಿ

ಸೆನ್ಸರಿಗೆ ಮೂರು ವೈರ್: 5 ವೋಲ್ಟ್, ಗ್ರೌಂಡ್, ಮತ್ತು ಸಿಗ್ನಲ್ 'ಎ0' ಪಿನ್ನಿಗೆ. ಬೋರ್ಡ್ ಇದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಒಣಗಿದ್ದರೆ ಅಂಕಿ ಜಾಸ್ತಿ, ಒದ್ದೆ ಇದ್ದರೆ ಕಡಿಮೆ. ಸಿಗ್ನಲ್ ವೈರ್ ಕಳಚಿದ್ದರೂ ಅಂಕಿ ಬರುತ್ತದೆ ಎಂಬುದು ನೆನಪಿರಲಿ. ಏನೂ ಜೋಡಿಸದ ಪಿನ್ ಗಾಳಿಯಲ್ಲಿ ತೇಲುತ್ತಿರುತ್ತದೆ, ಬಾಯಿಗೆ ಬಂದ ಅಂಕಿ ಹೇಳುತ್ತದೆ. ಕೈ ಹತ್ತಿರ ತಂದರೆ ಅಂಕಿ ಕುಣಿದರೆ ವೈರ್ ಬಿಟ್ಟಿದೆ ಎಂದೇ ಲೆಕ್ಕ.

ಎರಡು ಕವಲಿನ, ಲೋಹ ತೆರೆದಿರುವ ಅಗ್ಗದ ಸೆನ್ಸರ್ ಬೇಡ ಎಂದದ್ದಕ್ಕೆ ಕಾರಣವಿದೆ. ಒದ್ದೆ ಮಣ್ಣಿನಲ್ಲಿ ಅದರ ಮೂಲಕ ಸದಾ ಕರೆಂಟ್ ಹರಿದು ಒಂದು ಕವಲು ಕರಗುತ್ತಾ ಹೋಗುತ್ತದೆ. ಅದೇ ನಿಮ್ಮ ಬಳಿ ಇದ್ದರೆ ಪವರನ್ನು ಒಂದು ಡಿಜಿಟಲ್ ಪಿನ್ನಿನಿಂದ ಕೊಡಿ. ಓದುವ ಕ್ಷಣದಲ್ಲಷ್ಟೇ ಆನ್, ಉಳಿದಂತೆ ಆಫ್.

ಈಗ ಮಣ್ಣಿನ ವಿಷಯ. ನಮ್ಮ ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕುಂಡದಲ್ಲಿ ಆ ಬಿರುಕು ಬೀಳುವುದು ಹೆಚ್ಚಾಗಿ ಸೆನ್ಸರ್ ಚುಚ್ಚಿದ ಜಾಗದಲ್ಲೇ. ಸೆನ್ಸರ್ ಪಕ್ಕ ಗಾಳಿ ತುಂಬುತ್ತದೆ, ಬೋರ್ಡ್ "ಪೂರ್ತಿ ಒಣಗಿದೆ" ಅನ್ನುತ್ತದೆ. ಎರಡು ಇಂಚು ಆಚೆ ಬೆರಳು ಹಾಕಿ ನೋಡಿದರೆ ಒದ್ದೆ. ಪಂಪ್ ಮಾತ್ರ ಸುರಿಯುತ್ತಲೇ ಇರುತ್ತದೆ, ತುಳಸಿಯ ಬೇರು ಕೊಳೆಯುತ್ತದೆ. ಕುಂಡದ ಮಣ್ಣಿಗೆ ಮರಳು ಮತ್ತು ಗೊಬ್ಬರ ಕಲಸಿ, ಸೆನ್ಸರನ್ನು ಗಿಡಕ್ಕೂ ಕುಂಡದ ಅಂಚಿಗೂ ನಡುವೆ ಇಟ್ಟು, ಸುತ್ತ ಒತ್ತಿ.

ಯಾರೋ ಕೊಟ್ಟ ಅಂಕಿ ಬಳಸಬೇಡಿ. ಒಣ ಮಣ್ಣಿನಲ್ಲಿ ಒಂದು ಅಂಕಿ, ನೀರು ಹಾಕಿ ಅರ್ಧ ಗಂಟೆ ಬಿಟ್ಟು ಇನ್ನೊಂದು ಅಂಕಿ, ನಿಮ್ಮ ಕುಂಡದಲ್ಲೇ ಬರೆದಿಟ್ಟುಕೊಳ್ಳಿ. ಸೆನ್ಸರಿನ ಮೇಲ್ಭಾಗದ ಚಿಕ್ಕ ಬಿಡಿಭಾಗಗಳಿಗೆ ನೀರು ತಾಗಬಾರದು. ಆ ಜಾಗಕ್ಕೆ ಎರಡು ಸಲ ಉಗುರುಬಣ್ಣ ಬಳಿದರೆ ಸಾಕು.

## ಹಂತ 8: ಪಂಪ್ ಜೋಡಿಸುವುದು

ಪಂಪನ್ನು ನೇರ ಪಿನ್ನಿಗೆ ಹಾಕಬಾರದು ಎಂದು ಎಲ್ಲರೂ ಕೇಳಿರುತ್ತಾರೆ, ಆದರೂ ಒಮ್ಮೆ ಹಾಕಿ ನೋಡುತ್ತಾರೆ. ಲೆಕ್ಕ ಸರಳ. ಪಿನ್ನಿನ ಮಿತಿ 20 ಮಿಲಿಆಂಪ್. ಚಿಕ್ಕ ಪಂಪ್ ಓಡುವಾಗ 100ರಿಂದ 200 ಮಿಲಿಆಂಪ್ ಎಳೆಯುತ್ತದೆ. ನಿಂತ ಜಾಗದಿಂದ ತಿರುಗಲು ಶುರು ಮಾಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಪಿನ್ನಿನ ಕೆಲಸ ಹೇಳುವುದು ಮಾತ್ರ. ಹೊರುವ ಕೆಲಸ ಮಾಸ್ಫೆಟ್‌ನದು.

ಮಾಸ್ಫೆಟ್‌ನ ಬರಹ ನಿಮ್ಮ ಕಡೆ ಇರುವ ಹಾಗೆ ಹಿಡಿಯಿರಿ. ಎಡದಿಂದ ಗೇಟ್, ಡ್ರೇನ್, ಸೋರ್ಸ್. ಪವರ್ ಎಲ್ಲ ತೆಗೆದು ಹೀಗೆ ಜೋಡಿಸಿ:

1. ಸೋರ್ಸ್ ಕಾಲನ್ನು ಮೈನಸ್ ಸಾಲಿಗೆ. ಬೋರ್ಡಿನ ಗ್ರೌಂಡ್ ಮತ್ತು ಪಂಪ್ ಕೇಬಲಿನ ಕಪ್ಪು ವೈರ್ ಎರಡೂ ಇದೇ ಸಾಲಿಗೆ ಬರಬೇಕು.
2. ಗೇಟ್ ಕಾಲಿನಿಂದ ಮೈನಸ್ ಸಾಲಿಗೆ 10 ಕಿಲೋ ಓಮ್ ರೆಸಿಸ್ಟರ್.
3. ಪಿನ್ 9ರಿಂದ ಗೇಟ್ ಕಾಲಿಗೆ 220 ಓಮ್ ರೆಸಿಸ್ಟರ್.
4. ಪಂಪಿನ ಒಂದು ವೈರ್ ಡ್ರೇನ್ ಕಾಲಿಗೆ, ಇನ್ನೊಂದು ಪಂಪ್ ಕೇಬಲಿನ ಕೆಂಪು ವೈರಿಗೆ.
5. ಪಂಪಿನ ಎರಡು ವೈರ್ ನಡುವೆ ಡಯೋಡ್. ಬೆಳ್ಳಿ ಪಟ್ಟಿ ಇರುವ ತುದಿ ಕೆಂಪು ಕಡೆಗೆ, ಇನ್ನೊಂದು ಡ್ರೇನ್ ಕಡೆಗೆ.
6. ಪಂಪ್ ಕೇಬಲಿನ ಕೆಂಪು-ಕಪ್ಪು ನಡುವೆ ಕೆಪ್ಯಾಸಿಟರ್. ಮೈಮೇಲೆ ಮೈನಸ್ ಪಟ್ಟಿ ಇರುವ ಕಾಲು ಕಪ್ಪು ಕಡೆಗೆ.

ಎರಡನೆಯ ಸಾಲಿನ 10 ಕಿಲೋ ಓಮ್ ಯಾಕೆ ಎಂದು ಕೇಳಿ ಅದನ್ನು ಬಿಡುವವರೇ ಜಾಸ್ತಿ. ಬೋರ್ಡ್ ಚಾಲೂ ಆಗುವ ಮೊದಲ ಒಂದೆರಡು ಸೆಕೆಂಡ್ ಅದರ ಪಿನ್ನುಗಳು ಆನ್ ಎಂದೂ ಹೇಳುತ್ತಿರುವುದಿಲ್ಲ, ಆಫ್ ಎಂದೂ ಹೇಳುತ್ತಿರುವುದಿಲ್ಲ. ಗೇಟ್ ತೇಲುತ್ತಿರುತ್ತದೆ, ಪಂಪ್ ತಾನಾಗಿ ಗುರ್ ಎಂದು ಓಡಬಹುದು. ಕರೆಂಟ್ ಹೋಗಿ ಬರುವ ಮನೆಯಲ್ಲಿ ಪ್ರತಿ ಸಲ ಹೀಗಾದರೆ ಕುಂಡದ ಗತಿ? ಈ ರೆಸಿಸ್ಟರ್ ಗೇಟನ್ನು ಕೆಳಗೆ ಎಳೆದು ಹಿಡಿದಿರುತ್ತದೆ.

ಡಯೋಡ್ ಕೂಡ ಬಿಡಬಾರದು. ಪಂಪಿನೊಳಗೆ ತಂತಿಯ ಸುರುಳಿ ಇದೆ. ಹರಿಯುತ್ತಿರುವ ಕರೆಂಟನ್ನು ತಟ್ಟನೆ ಕಡಿದರೆ ಸುರುಳಿ ಸುಮ್ಮನಿರುವುದಿಲ್ಲ, ಅದೇ ಕ್ಷಣಕ್ಕೆ ಹತ್ತಾರು ವೋಲ್ಟ್ ಚಿಮ್ಮಿಸುತ್ತದೆ. ಡಯೋಡ್ ಆ ಕರೆಂಟಿಗೆ ಪಂಪಿನೊಳಗೇ ಸುತ್ತಿ ಸಾಯಲು ದಾರಿ ಕೊಡುತ್ತದೆ. ಇದನ್ನು ತಿರುವು ಮುರುವು ಹಾಕಿದರೆ ಮಾಸ್ಫೆಟ್ ತೆರೆದ ತಕ್ಷಣ ಪ್ಲಸ್‌ನಿಂದ ಮೈನಸ್‌ಗೆ ನೇರ ದಾರಿ: ಪಂಪ್ ಓಡುವುದಿಲ್ಲ, ಡಯೋಡ್ ಬಿಸಿಯಾಗುತ್ತದೆ, ಚಾರ್ಜರ್ ಆಫ್ ಆಗಿ ಆನ್ ಆಗುತ್ತದೆ. ಕೆಪ್ಯಾಸಿಟರ್ ತಿರುವು ಮುರುವಾದರೆ ಇನ್ನೂ ಕೆಟ್ಟದ್ದು, ಅದು ಉಬ್ಬಿ ಪಟ್ ಎಂದು ಸಿಡಿಯಬಹುದು. ಮುಖ ಹತ್ತಿರ ಇಟ್ಟುಕೊಂಡು ಮೊದಲ ಪವರ್ ಕೊಡಬೇಡಿ.

ಪಂಪಿನ ವೈರುಗಳನ್ನು ಕೂದಲಿನಷ್ಟು ತೆಳು ಜಂಪರ್ ಮೂಲಕ ಇಡೀ ಬ್ರೆಡ್‌ಬೋರ್ಡ್ ಸುತ್ತಿಸಬೇಡಿ. ಆ ಸಡಿಲ ತೂತುಗಳಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ. ಪಂಪಿಗೆ ಹೋಗುವ ದಾರಿ ಗಿಡ್ಡ ಇರಲಿ, ವೈರ್ ದಪ್ಪ ಇರಲಿ.

ಪರೀಕ್ಷೆ: ಪಂಪನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ. ಸೆನ್ಸರ್ ಅಂಕಿ ನೋಡಲು ಬೇರೆ ಕೋಡ್ ಹಾಕಿದ್ದರೆ, ಹಂತ 5ರ ಮಿಣುಕು ಕೋಡನ್ನು ಮತ್ತೆ ಬೋರ್ಡಿಗೆ ಹಾಕಿ. ಪಂಪ್ ಈಗ ಅದೇ ತಾಳಕ್ಕೆ ಬಿಟ್ಟು ಬಿಟ್ಟು ಓಡಬೇಕು. ಓಡದಿದ್ದರೆ ಮೀಟರಿನ ಕಪ್ಪು ತುದಿ ಮೈನಸ್ ಸಾಲಿಗೆ ಇಟ್ಟು, ಕೆಂಪು ತುದಿಯಲ್ಲಿ ಈ ಮೂರು ಜಾಗ ನೋಡಿ. ಗೇಟ್ ಕಾಲಿನಲ್ಲಿ 0 ಮತ್ತು 5 ಬದಲಾಗುತ್ತಿರಬೇಕು. ಇಲ್ಲದಿದ್ದರೆ ತೊಂದರೆ ಪಿನ್ 9ರಿಂದ ಗೇಟ್‌ವರೆಗಿನ ದಾರಿಯಲ್ಲಿದೆ. ಕೆಂಪು ವೈರಿನಲ್ಲಿ ಸದಾ 5 ಇರಬೇಕು. ಡ್ರೇನ್ ಕಾಲಿನಲ್ಲಿ ಗೇಟ್ 5 ಇದ್ದಾಗ 0 ಹತ್ತಿರ ಇಳಿಯಬೇಕು. ಅದು 1-2 ವೋಲ್ಟಿನಲ್ಲೇ ನಿಂತರೆ ನಿಮ್ಮ ಕೈಗೆ ಬಂದದ್ದು 'ಎಫ್' ಮಾಸ್ಫೆಟ್. ಇಳಿಯದೆ 5ರಲ್ಲೇ ನಿಂತರೆ ಸೋರ್ಸ್ ಕಾಲು ಮೈನಸ್ ಮುಟ್ಟಿಲ್ಲ.

ಪಂಪ್ ಓಡುತ್ತಿದೆ, ಆದರೆ ಓಡಿದ ಕೂಡಲೇ ಬೋರ್ಡ್ ಮೊದಲಿನಿಂದ ಶುರುವಾಗುತ್ತಿದೆ ಎಂದರೆ ವೋಲ್ಟೇಜ್ ಕುಸಿಯುತ್ತಿದೆ. ಬೋರ್ಡಿನ ಮೇಲೆ 'ಎಲ್' ಎಂಬ ಚಿಕ್ಕ ಲೈಟ್ ನೋಡಿ. ಪಂಪ್ ಚಾಲೂ ಆದ ಕ್ಷಣಕ್ಕೇ ಅದು ಪಟಪಟ ಮಿಣುಕಿದರೆ ರೀಸೆಟ್ ಆಗಿದೆ. ಊನೋ ಬದಲು ಇಎಸ್‌ಪಿ32 ಎಂಬ ಬೋರ್ಡ್ ಆದರೆ ಕಂಪ್ಯೂಟರ್ ಸ್ಕ್ರೀನಿನ ಮೇಲೆ 'ಬ್ರೌನ್‌ಔಟ್' (ವೋಲ್ಟೇಜ್ ಕುಸಿತ) ಎಂದು ಬರೆದೇ ತಿಳಿಸುತ್ತದೆ. ಚಾರ್ಜರಿನ ಆಂಪ್ ನೋಡಿ, ಕೆಪ್ಯಾಸಿಟರ್ ಕಾಲು ಗಟ್ಟಿ ಕೂತಿದೆಯಾ ನೋಡಿ, ಪಂಪಿನ ಪವರ್ ತಪ್ಪಿ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಬರುತ್ತಿದೆಯಾ ನೋಡಿ. ಮೂರನೆಯದೇ ಜಾಸ್ತಿ ಸಲ ಕಾರಣ. ಅಂದಹಾಗೆ ಇಎಸ್‌ಪಿ32 ಪಿನ್ನುಗಳು 3.3 ವೋಲ್ಟಿನವು, ಅವಕ್ಕೆ 5 ವೋಲ್ಟ್ ಸಿಗ್ನಲ್ ಕೊಡಬಾರದು.

## ಹಂತ 9: ಈಗ ಕೋಡ್

ಮಿಣುಕು ಕೋಡಿಗೆ ಸೆನ್ಸರ್ ಓದುವ ಸಾಲು ಸೇರಿಸಿದ ಮೇಲೆ ಮೂರು ಬದಲಾವಣೆ ಸಾಕು. ಒಂದು, ಚಾಲೂ ಮಾಡಲು ಒಂದು ಅಂಕಿ, ನಿಲ್ಲಿಸಲು ಅದಕ್ಕಿಂತ ಸಾಕಷ್ಟು ಕಡಿಮೆ ಇನ್ನೊಂದು ಅಂಕಿ. ಒಂದೇ ಅಂಕಿ ಇಟ್ಟರೆ ಪಂಪ್ ಆ ಗಡಿಯಲ್ಲಿ ಆನ್-ಆಫ್ ಎಂದು ಬಡಿದುಕೊಳ್ಳುತ್ತದೆ. ಎರಡು, ಪಂಪ್ 3 ಸೆಕೆಂಡ್ ಓಡಿ 10 ನಿಮಿಷ ನಿಲ್ಲಬೇಕು. ನೀರು ಇಳಿಯಲು ಹೊತ್ತು ಬೇಕು, ಎರೆ ಮಣ್ಣಿನಲ್ಲಂತೂ ಇನ್ನೂ ನಿಧಾನ. ಮೂರು, ದಿನಕ್ಕೆ ಇಷ್ಟೇ ಸಲ ಎಂಬ ಮಿತಿ. ಸೆನ್ಸರ್ ವೈರ್ ಕಿತ್ತುಹೋದ ದಿನ ಈ ಮಿತಿ ನಿಮ್ಮ ಮಾಳಿಗೆಯನ್ನು ಕೆರೆ ಆಗದಂತೆ ಕಾಯುತ್ತದೆ.

## ಇಲ್ಲಿ ನಿಲ್ಲಿಸಿ: ಅಪಾಯದ ಗುರುತುಗಳು

ಯಾವುದಾದರೂ ಭಾಗದ ಮೇಲೆ ಬೆರಳು ಎರಡು ಸೆಕೆಂಡ್ ಇಡಲಾಗದಷ್ಟು ಬಿಸಿ, ಸುಟ್ಟ ವಾಸನೆ, ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ತಾನಾಗಿ ಕಳಚಿದ ಶಬ್ದ. ಮೂರರಲ್ಲಿ ಒಂದಾದರೂ ಕಂಡರೆ ಮೊದಲು ಪವರ್ ತೆಗೆಯಿರಿ, ಯೋಚನೆ ಆಮೇಲೆ. ಊದಿಕೊಂಡ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವುದು, ಚುಚ್ಚುವುದು ಎರಡೂ ಬೇಡ.

ಹಾವೇರಿ, ಗದಗ ಕಡೆಯಿಂದ ಬರುವವರ ಮುಂದಿನ ಪ್ರಶ್ನೆ ನನಗೆ ಗೊತ್ತು. "ಹಿಂಗೇ ರಿಲೇ ಹಾಕಿ ಹೊಲದ ಮೋಟರ್ ಚಾಲೂ ಮಾಡಬಹುದಲ್ರಿ?" ಬೇಡ. ರಿಲೇ ಅಂದರೆ ಸಣ್ಣ ಸಿಗ್ನಲ್‌ನಿಂದ ಆನ್-ಆಫ್ ಆಗುವ ಸ್ವಿಚ್. ನೀಲಿ ಡಬ್ಬಿಯ ರಿಲೇ ಮೇಲೆ 10 ಆಂಪ್ ಎಂದು ಬರೆದಿರುವುದು ಬಲ್ಬಿನಂಥ ಸಾಧು ಹೊರೆಗೆ. ಮೋಟರ್ ಶುರುವಾಗುವಾಗ ಅದರ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ, ರಿಲೇಯ ಒಳಗಿನ ಬಿಂದುಗಳು ಬೆಸೆದು ಅಂಟಿಕೊಳ್ಳುತ್ತವೆ. ಆಮೇಲೆ ಬೋರ್ಡ್ ಆಫ್ ಎಂದರೂ ಮೋಟರ್ ನಿಲ್ಲುವುದಿಲ್ಲ. ಮನೆಯ 230 ವೋಲ್ಟ್ ಬ್ರೆಡ್‌ಬೋರ್ಡಿನ ಹತ್ತಿರವೂ ಬರಬಾರದು. ಹೊಲದ ಮೋಟರಿಗೆ ಸ್ಟಾರ್ಟರ್ ಇದೆ, ಅದನ್ನು ಬಲ್ಲ ಎಲೆಕ್ಟ್ರಿಷಿಯನ್ ಇದ್ದಾರೆ. ಆ ಕೆಲಸ ಅವರಿಗೇ ಬಿಡಿ.

## ಹಂತ 10: ಕುಂಡದ ಪಕ್ಕ ಕೂರಿಸುವುದು

ಬೋರ್ಡನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ನೀರಿಗಿಂತ ಮೇಲೆ ಇಡಿ. ವೈರ್ ಡಬ್ಬಿಯೊಳಗೆ ಹೋಗುವ ಮುಂಚೆ ಒಂದು ಜೋಲು ಬಿದ್ದಿರಲಿ, ಹನಿ ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಚಾರ್ಜರ್ ಮನೆಯೊಳಗೇ ಇರಲಿ.

ಇಲ್ಲಿ ಎಲ್ಲ ಸರಿ ಮಾಡಿದವರನ್ನೂ ಕೆಡವುವ ತಪ್ಪೊಂದಿದೆ, ಅದಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದು, ಮಾಸ್ಫೆಟ್ ಆಫ್ ಆಗುತ್ತಿಲ್ಲ, ಪಂಪ್ ನಿಂತರೂ ನೀರು ಬರುತ್ತಲೇ ಇದೆ ಎಂದ. ಎರಡು ಮಾಸ್ಫೆಟ್ ಬದಲಿಸಿದ್ದ. ಗೇಟಿನಲ್ಲಿ ಅಳೆದರೆ ಸೊನ್ನೆ. ಪಂಪಿನ ವೈರನ್ನೇ ಕಿತ್ತೆ, ನೀರು ಮಾತ್ರ ನಿಲ್ಲಲಿಲ್ಲ. ಬಕೆಟ್ ಕಟ್ಟೆಯ ಮೇಲಿತ್ತು, ಕುಂಡ ಕೆಳಗಿತ್ತು. ಒಮ್ಮೆ ಪೈಪ್ ತುಂಬಿದ ಮೇಲೆ ನೀರು ತಾನಾಗಿ ಇಳಿಯುತ್ತಿತ್ತು, ಡ್ರಮ್ಮಿನಿಂದ ಪೈಪ್ ಹಾಕಿ ಬಾಯಲ್ಲಿ ಎಳೆದು ನೀರು ಇಳಿಸುತ್ತೇವಲ್ಲ, ಹಾಗೆ. ಪೈಪಿನ ಬಾಯಿ ಯಾವಾಗಲೂ ಬಕೆಟ್ಟಿನ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕು. ಬಕೆಟ್ಟನ್ನು ನೆಲಕ್ಕಿಳಿಸಿದೆವು, ನಿಂತಿತು.

ಬಕೆಟ್ ಖಾಲಿಯಾಗದಂತೆಯೂ ನೋಡಿಕೊಳ್ಳಿ. ಈ ಚಿಕ್ಕ ಪಂಪುಗಳಿಗೆ ನೀರೇ ತಂಪು, ನೀರೇ ಎಣ್ಣೆ. ಒಣಗಿ ಓಡಿದರೆ ಬೇಗ ಹಾಳಾಗುತ್ತವೆ. ಹಬ್ಬಕ್ಕೆ ಊರಿಗೆ ಹೋಗುವವರು ಹೊರಡುವ ಹಿಂದಿನ ರಾತ್ರಿ ಇದನ್ನು ಮೊದಲ ಸಲ ಚಾಲೂ ಮಾಡಬೇಡಿ. ಮೂರು ದಿನ ಮುಂಚೆಯೇ ಶುರು ಮಾಡಿ, ಬೆಳಗ್ಗೆ ಬಕೆಟ್ಟಿನ ನೀರು ಎಷ್ಟು ಇಳಿದಿದೆ ಎಂದು ಸೀಸದ ಕಡ್ಡಿಯಲ್ಲಿ ಗೆರೆ ಹಾಕುತ್ತಾ ಬನ್ನಿ. ಮೂರು ಗೆರೆಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇದ್ದರೆ ಬಸ್ ಹತ್ತಬಹುದು.